ಯಾರಿಗೂ ಬೇಡವಾದ ಕೋವಿ

"ಇದನ್ನ ಮುಚ್ಚಿಟ್ಟು ಕೊಡಾಕ ಬರೂದಿಲ್ಲಪಾ. ಎಲ್ಲಾ ಹೇಳೇ ಕೊಡಬೇಕು. ಕೇಳಿದ ಮ್ಯಾಲೆ ನೀ ಒಪ್ಪಿ 'ತಗೊಂಡೆ' ಅನ್ನಬೇಕು. ಇಲ್ಲಂದ್ರ ಅದು ನನ್ನ ಬಿಟ್ಟು ಹೋಗಂಗಿಲ್ಲ," ಎಂದರು ಡಾಕ್ಟರ್ ಮಂಜುನಾಥ.

ಮಿಶಿಗನ್ನಿನ ನಾರ್ತ್‌ವಿಲ್‌ನ ಅವರ ಮನೆಯ ಬೇಸ್‌ಮೆಂಟಿನಲ್ಲಿ, ಹಳದಿ ದೀಪದ ಕೆಳಗೆ, ಜೋಡಿ ನಳಿಗೆಯ ಆ ಹಳೆಯ ಕೋವಿ ಮೇಜಿನ ಮೇಲೆ ಮಲಗಿತ್ತು. ಹತ್ತು ಗೇಜಿನದು, ಗೇಜಿನ ಅಂಕಿ ಕಡಿಮೆಯಾದಷ್ಟೂ ನಳಿಗೆಯ ಬಾಯಿ ದೊಡ್ಡದು. ಅದರ ಎರಡು ಬಾಯಿಗಳೂ ಬಾವಿಯಂತೆ ಕಪ್ಪಾಗಿದ್ದವು. ಗನ್ ಆಯಿಲ್, ಸುಟ್ಟ ಮದ್ದು, ಇವೆರಡರ ಅಡಿಯಲ್ಲಿ ಕೊಳೆತ ಜೊಂಡಿನ ವಾಸನೆ.

ಕೇಶವ್ ಇಲಿನಾಯ್‌ನ ಶಾಮ್‌ಬರ್ಗಿನಿಂದ ಇಲ್ಲಿಗೆ ಬಂದು ವರ್ಷ ತುಂಬಿರಲಿಲ್ಲ. ವಿಚ್ಛೇದನವಾಗಿತ್ತು. ಮಗಳು ಸಿಯಾ ಅಲ್ಲೇ ತಾಯಿಯ ಜೊತೆಯಿದ್ದು ಕಾಲೇಜಿಗೆ ಹೋಗುತ್ತಿದ್ದಳು. ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರು ಕಂಪನಿಯ ಕೆಲಸ. ಶನಿವಾರ, ಭಾನುವಾರ ಏನು ಮಾಡಬೇಕೆಂದು ತಿಳಿಯದೆ ಬಾತುಕೋಳಿ ಬೇಟೆ ಕಲಿತಿದ್ದ. ಹಳೆಯ ಯಂತ್ರಗಳೆಂದರೆ ಮೊದಲಿನಿಂದಲೂ ಆಸೆ. ಇಷ್ಟು ಚೆಂದದ ಕೆತ್ತನೆಯ ಕೋವಿಯನ್ನು ಡಾಕ್ಟರು ಸುಮ್ಮನೆ ಕೊಡುತ್ತೇನೆಂದಾಗ ಅವನಿಗೆ ನಂಬಲಾಗಿರಲಿಲ್ಲ.

ಡಾಕ್ಟರು ಕತೆ ಹೇಳಿದರು. ನೂರು ವರ್ಷದ ಹಿಂದೆ ಸೇಂಟ್ ಕ್ಲೇರ್ ಸರೋವರದ ಜೌಗಿಗೆ ಇಬ್ಬರು ಗೆಳೆಯರು ಬೇಟೆಗೆ ಹೋದರು. ಒಬ್ಬನ ಕಾಲಡಿಯಲ್ಲಿ ಮಂಜುಗಡ್ಡೆ ಒಡೆಯಿತು. ಕೆಸರು ಅವನನ್ನು ಎಳೆದುಕೊಂಡಿತು. ಅವನು ಕೂಗಿದ. ಇನ್ನೊಬ್ಬನ ಕೈಯಲ್ಲಿ ಈ ಕೋವಿಯಿತ್ತು. ತಲೆಯ ಮೇಲೆ ಹಕ್ಕಿಗಳ ದೊಡ್ಡ ಹಿಂಡು ಬರುತ್ತಿತ್ತು. ಅವನು ಕೋವಿ ಕೆಳಗಿಡಲಿಲ್ಲ. ಆಮೇಲೆ ಸತ್ತವನ ಹೆಂಡತಿಯ ಮುಂದೆ ನಿಂತು, ಕೂಗು ತನಗೆ ಕೇಳಿಸಲೇ ಇಲ್ಲವೆಂದ. ಆ ಹೆಂಗಸು ಮಾಟ ಬಲ್ಲವಳು. ಕೋವಿಯ ಹಿಡಿಯ ತುದಿಯ ತಗಡು ಬಿಚ್ಚಿ, ಒಳಗೆ ಗಂಡನ ಕೂದಲು, ಅವನ ಶವಪೆಟ್ಟಿಗೆಯ ಮೊಳೆ, ಕಪ್ಪು ಮೇಣ ತುಂಬಿ ಮುಚ್ಚಿದಳು. ಇದನ್ನು ಇಟ್ಟುಕೊಂಡವನ ದನಿ ಯಾವ ಮನುಷ್ಯನಿಗೂ ಕೇಳದಿರಲಿ ಎಂದು ಶಪಿಸಿದಳು.

"ಯಾರ ಕೂಡ ಹೆಚ್ಚು ಮಾತಾಡ್ತಿಯೋ ಅವರ ಕಿವಿ ಮೊದಲು ಹೋಗ್ತಾವ," ಎಂದರು ಡಾಕ್ಟರು. "ಹಿಂದಕ ಇದು ಒಂದು ಕೈಯಾಗ ಒಂದು ಚಳಿಗಾಲ ಸುದ್ದಾ ನಿಲ್ತಿದ್ದಿಲ್ಲ. ನಾ ತಾ ಅಂತ ಬಂದು ತಗೊಂಡು ಹೋಗೋರು. ನಾನೂ ಹಂಗೇ ತಗೊಂಡೆ. ಈಗ ಯಾರಿಗೂ ಬ್ಯಾಡ."

ಕೇಶವ್ ನಕ್ಕುಬಿಟ್ಟ. "ಡಾಕ್ಟರಾಗಿ ನೀವೇ ಹೀಗಂದ್ರೆ ಹೇಗೆ ಅಂಕಲ್? ಸರಿ, ತಗೊಂಡೆ."

ಡಾಕ್ಟರು ಮೆಟ್ಟಿಲ ಕಡೆ ತಿರುಗಿ ಮೆಲ್ಲಗೆ "ಸುವರ್ಣಾ" ಎಂದರು. ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಚಹಾ ಕೊಡುವಾಗ ಗಂಡನತ್ತ ಒಮ್ಮೆಯೂ ತಿರುಗಿ ನೋಡಿರದ ಸುವರ್ಣಮ್ಮ ಓಡಿಬಂದು ಮೆಟ್ಟಿಲ ಮೇಲೆಯೇ ಕುಸಿದು ಕುಳಿತರು. ಇಬ್ಬರೂ ಅಳುತ್ತಿದ್ದರು. ಮುದುಕ ಮುದುಕಿಯ ಜಗಳ ಮುಗಿಯಿತೇನೋ ಎಂದುಕೊಂಡು ಕೇಶವ್ ಕೋವಿಯನ್ನು ಕಾರಿಗೆ ಹಾಕಿಕೊಂಡು ಹೊರಟ.

ಮೊದಲು ಆಫೀಸು ಹೋಯಿತು. ಮೀಟಿಂಗಿನಲ್ಲಿ ಅವನು ಬಾಯಿ ತೆರೆದರೆ, ಮ್ಯೂಟ್‌ನಲ್ಲಿದ್ದೀಯ ಎನ್ನುತ್ತಿದ್ದರು. ಕೆಲವು ದಿನಗಳ ಮೇಲೆ ಅದನ್ನೂ ಹೇಳುವುದು ಬಿಟ್ಟರು. ಪಕ್ಕದ ಮೇಜಿನವನು ಅವನ ಮುಖದ ಮೂಲಕ ಕಿಟಕಿ ನೋಡುವವನಂತೆ ನೋಡುತ್ತಿದ್ದ. ಬರೆದು ಕಳಿಸಿದ್ದನ್ನು ಯಾರೂ ತೆರೆಯುತ್ತಿರಲಿಲ್ಲ. ಕನ್ನಡ ಕೂಟದ ಪಾಟ್‌ಲಕ್ ಊಟದಲ್ಲಿ ಅವನು ಎಲ್ಲರಿಗೂ ನಮಸ್ಕಾರ ಹೇಳುತ್ತ ಹೋದ. ಬಿಸಿಬೇಳೆಬಾತಿನ ಘಮಘಮ, ನಗು, ಮಕ್ಕಳ ಗದ್ದಲ. ಒಂದು ತಲೆಯೂ ಅವನತ್ತ ತಿರುಗಲಿಲ್ಲ. ಮನೆಗೆ ಬಂದು ಬಚ್ಚಲಲ್ಲಿ ನಿಂತು ತನ್ನ ಹೆಸರನ್ನೇ ಕೂಗಿಕೊಂಡ. ಅವನಿಗೆ ಕೇಳಿಸಿತು. ಅದರ ಹಿಂದೆಯೇ, ಗೋಡೆಯಾಚೆಯಿಂದ, ನೀರು ತುಂಬಿದ ಬಾಯಿಯೊಂದು ಯಾವುದೋ ಭಾಷೆಯಲ್ಲಿ ಯಾರನ್ನೋ ಕರೆದದ್ದೂ ಕೇಳಿಸಿತು.

ಮರುದಿನವೇ ಡಾಕ್ಟರ ಮನೆಗೆ ಹೋದ. ಬಂದದ್ದೇಕೆಂದು ಅವರಿಗೆ ಹೇಳದೆಯೇ ಗೊತ್ತಾಯಿತು. ಅವರು ಕಣ್ಣೊರೆಸಿಕೊಳ್ಳುತ್ತ, ಬಿಟ್ಟ ಕೈಗೆ ಅದು ಮತ್ತೆ ಬರುವುದಿಲ್ಲ ಎಂದರು. ಬೇರೆಯವರನ್ನು ಹುಡುಕುವುದೊಂದೇ ದಾರಿ.

ಕೇಶವ್ ಕೋವಿಗಳನ್ನು ಕೊಂಡು ಮಾರುವ ಗನ್ ಶೋಗಳಿಗೆ ಅಲೆದ. ಅಪರಿಚಿತರ ಕಿವಿಗೆ ಅವನ ದನಿ ಇನ್ನೂ ತಲುಪುತ್ತಿತ್ತು. ಆದರೆ ಶಾಪದ ಮಾತಿನವರೆಗೆ ಯಾರೂ ನಿಲ್ಲಲಿಲ್ಲ. ಹತ್ತು ಗೇಜು ಎಂದ ಕೂಡಲೇ ಕೈ ಆಡಿಸುತ್ತಿದ್ದರು. ಅದರ ತೋಟಾ ಎಲ್ಲಿ ಸಿಗುತ್ತದೆ? ನೀರುಹಕ್ಕಿಗೆ ಸೀಸದ ಗುಂಡು ಹೊಡೆಯುವಂತಿಲ್ಲ. ಈಗಿನ ಉಕ್ಕಿನ ಗುಂಡು ಹಾಕಿದರೆ ಈ ಹಳೆಯ ನಳಿಗೆ ಹಾಳು. ಹೊತ್ತರೆ ಹೆಗಲು ಬಿದ್ದುಹೋಗುತ್ತದೆ. ಸಂಗ್ರಹ ಮಾಡುವವರು ಇಪ್ಪತ್ತು, ಇಪ್ಪತ್ತೆಂಟು ಗೇಜಿನ ಹಗುರ ಕೋವಿಗಳ ಮೇಜಿಗೆ ಮುತ್ತಿಕೊಂಡಿದ್ದರು. ಒಬ್ಬ ಮುದುಕ ಮಾತ್ರ ಹಿಡಿಯ ಕೆತ್ತನೆಯ ಮೇಲೆ ಬೆರಳಾಡಿಸಿ, ತನ್ನಪ್ಪನ ಬಳಿ ಇಂಥದೇ ಇತ್ತೆಂದ. ಎಲ್ಲವನ್ನೂ ಕೇಳಿಸಿಕೊಂಡ. ಶಾಪಕ್ಕೆ ಅಂಜಲಿಲ್ಲ. ಮನೆಯಲ್ಲಿ ಇಡಲು ಜಾಗವಿಲ್ಲ ಎಂದ.

ಡಿಸೆಂಬರಿನ ಒಂದು ಸಂಜೆ ಕೋವಿಯನ್ನು ಹೊತ್ತು ಅದೇ ಜೌಗಿಗೆ ಹೋದ. ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ತೆಳು ಮಂಜುಗಡ್ಡೆಯಾಚೆಯ ಕಪ್ಪು ನೀರಿಗೆ ಬಲವಾಗಿ ಎಸೆದ. ಗುಳುಂ ಎಂದಿತು. ಹಿಂತಿರುಗಿ ಹೆಜ್ಜೆಯಿಟ್ಟ. ಕಾಲಡಿ ಸೀಳಿತು. ಸೊಂಟದವರೆಗೆ ನೀರು. ಆಮೇಲೆ ಎದೆಯವರೆಗೆ. ಕೂಗಿದ. ಕೂಗಳತೆಯಲ್ಲಿ ದೋಣಿಯೊಂದಿತ್ತು. ಅದರಲ್ಲಿ ಇಬ್ಬರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ಕೂಗಿದ. ಅವರು ನಗುತ್ತಿದ್ದರು. ಪಕ್ಕದ ಜೊಂಡಿನಲ್ಲಿ ಇನ್ನೊಂದು ಕೂಗು. ಅದೇ ನೀರು ತುಂಬಿದ ಬಾಯಿ. ಹತ್ತಿರ. ಇನ್ನೂ ಹತ್ತಿರ. ಕಿವಿಯಲ್ಲೇ. ತಣ್ಣನೆಯ ಬೆರಳುಗಳು ಕಾಲಿಗೆ ಸುತ್ತಿಕೊಂಡವು. ಒದ್ದ. ಜೊಂಡು ಹಿಡಿದ. ಅಂಗೈ ಹರಿಯಿತು. ತೆವಳಿದ. ಹೇಗೋ ದಡ ಸಿಕ್ಕಿತು.

ಮನೆಗೆ ಬಂದು ಕ್ಲಾಸೆಟ್ ತೆರೆದ. ಕೋಟುಗಳ ನಡುವೆ ಕೋವಿ ನಿಂತಿತ್ತು. ಕಾರ್ಪೆಟ್ಟಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

ಸಿಯಾಳ ಕಿವಿಯನ್ನಾದರೂ ಉಳಿಸಿಕೊಳ್ಳಬೇಕೆಂದು ಅವನು ಅಷ್ಟು ದಿನವೂ ಅವಳ ಫೋನ್ ಎತ್ತಿರಲಿಲ್ಲ. ಅವಳು ಹೆದರಿ ಕ್ರಿಸ್‌ಮಸ್ ರಜೆಗೆ ತಾನೇ ಡ್ರೈವ್ ಮಾಡಿಕೊಂಡು ಬಂದಳು. ಅವನಿಗೆ ಜ್ವರ, ಕೆಮ್ಮು, ಗಡ್ಡ. ಬಾಗಿಲಲ್ಲೇ "ಪುಟ್ಟೀ" ಎಂದ.

"ಹೇಳಪ್ಪ," ಎಂದಳು.

ಅಷ್ಟೇ ಸಾಕಾಯಿತು. ತಿಂಗಳುಗಟ್ಟಲೆ ಒಳಗೆ ಕಟ್ಟಿಕೊಂಡಿದ್ದೆಲ್ಲ ಒಡೆಯಿತು. ಕೋವಿ, ಮಾಟ, ತಗೊಂಡೆ ಎನ್ನುವ ಮಾತು, ಜೌಗು, ಎಲ್ಲವನ್ನೂ ಹೇಳಿದ. ಅವಳು ತಗೊಳ್ಳಲಿ ಎಂದಲ್ಲ. ಒಬ್ಬರು ಕೇಳುತ್ತಿದ್ದಾರೆಂಬ ಸುಖಕ್ಕೆ ಹೇಳಿದ. ಒಬ್ಬನೇ ಇದ್ದು ಇದ್ದು ಅಪ್ಪನ ತಲೆ ಕೆಟ್ಟಿದೆ ಎಂದುಕೊಂಡಳು ಸಿಯಾ. ಅವನ ಕೈ ಹಿಡಿದು ಸಮಾಧಾನದ ದನಿಯಲ್ಲಿ, "ಓಕೆ ಅಪ್ಪ. ಇಟ್ಸ್ ಮೈನ್ ನೌ. ನಾನು ತಗೊಂಡೆ. ಈಗ ಸೂಪ್ ಕುಡಿ," ಎಂದಳು.

"ಬೇಡ!" ಎಂದು ಚೀರಿದ.

ಪಕ್ಕದ ಮನೆಯ ನಾಯಿ ಬೊಗಳಿತು. ಅಲ್ಲಿಯ ಹೆಂಗಸು ಹಿಮದಲ್ಲಿ ನಿಂತು, ಎಲ್ಲಾ ಸರಿಯಿದೆಯಾ ಎಂದು ಕೇಳಿದಳು. ಅವನು ಕ್ಲಾಸೆಟ್ಟಿನತ್ತ ಓಡಿದ. ಕೋವಿಯನ್ನು ಎದೆಗವಚಿಕೊಂಡು ತಗೊಂಡೆ, ತಗೊಂಡೆ ಎಂದು ಗಂಟಲು ಹರಿಯುವವರೆಗೆ ಹೇಳಿದ. ಆ ಹೆಂಗಸಿಗೆ ಅದೂ ಸ್ಪಷ್ಟವಾಗಿ ಕೇಳುತ್ತಿತ್ತು.

ಸಿಯಾಳ ಪಾಲಿಗೆ ಕಾಲೇಜಿನ ಗೆಳತಿಯ ಕಿವಿ ಮೊದಲು ಹೋಯಿತು. ಆಮೇಲೆ ತಾಯಿಯದು. ಅವಳು ಅಪ್ಪನ ಮನೆಗೇ ಬಂದುಬಿಟ್ಟಳು. ವಾರ ವಾರವೂ ಇಬ್ಬರೂ ಮಿಶಿಗನ್, ಇಲಿನಾಯ್ ಸುತ್ತಿದರು. ಮೇಜಿನಿಂದ ಮೇಜಿಗೆ ಅವಳು ಹೇಳುತ್ತಿದ್ದಳು, ಅವರು ಬೇಡವೆಂದು ತಲೆಯಾಡಿಸುತ್ತಿದ್ದರು. ಮನೆಯಲ್ಲಿ, ಕಾರಿನಲ್ಲಿ ಅವಳು ಮಾತಾಡುತ್ತಿರಲಿಲ್ಲ. ಅಪ್ಪನ ಕಿವಿಯಲ್ಲಿ ಉಳಿದದ್ದನ್ನು ಉಳಿಸಬೇಕಾಗಿತ್ತು. ಅವನೂ ಅವಳ ಬಾಯಿಂದ ಮಾತು ಬರದ ಹಾಗೆ ನೋಡಿಕೊಳ್ಳುತ್ತಿದ್ದ. ಹಸಿವೆಯೇ ಎಂದು ಕೂಡ ಕೇಳುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಶಾಮ್‌ಬರ್ಗ್ ಹತ್ತಿರದ ಶೋ ಒಂದರಿಂದ ಬರಿಗೈಯಲ್ಲಿ ಹೊರಟರು. ಕೋವಿ ಹಿಂದಿನ ಸೀಟಿನಲ್ಲಿತ್ತು. ಇಂಡಿಯಾನಾ ದಾಟಿದ ಮೇಲೆ ಸಿಯಾ ಇದ್ದಕ್ಕಿದ್ದಂತೆ ಮಾತಾಡತೊಡಗಿದಳು.

"ಅಪ್ಪ, ಉಳಿಸಿ ಏನ್ ಮಾಡೋದು? ನಂಗೆ ಹೇಳ್ಬೇಕು."

ಅವನು ಬೇಡವೆಂದು ಕೈಯೆತ್ತಿದ. ಮತ್ತೆ ಇಳಿಸಿದ.

ಅವಳು ಹೇಳಿದಳು. ಅವನು ಸೂಟ್‌ಕೇಸ್ ಹಿಡಿದು ಮನೆ ಬಿಟ್ಟ ದಿನ ತಾನು ಮೇಲಿನ ಕಿಟಕಿಯಲ್ಲಿದ್ದುದನ್ನು. ಕರೆಯಬೇಕೆನಿಸಿದರೂ ಕರೆಯದೆ ಇದ್ದುದನ್ನು. ಕಾಲೇಜಿನ ಹುಡುಗನೊಬ್ಬನನ್ನು, ಅವನ ಕೆಟ್ಟ ಜೋಕುಗಳನ್ನು. ಅಪ್ಪ ಮಾಡುವ ಉಪ್ಪಿಟ್ಟು ಯಾವಾಗಲೂ ಗಂಟಾಗುವುದನ್ನು. ನಗುತ್ತ, ಇಂಗ್ಲಿಷು ಕನ್ನಡ ಬೆರೆಸಿ, ಒಂದೇ ಉಸಿರಿಗೆ. ಹೊರಗೆ ಹೊಲಗಳ ಮೇಲೆ ಕತ್ತಲು ಇಳಿಯುತ್ತಿತ್ತು. ಕೇಶವ್ ರಸ್ತೆಯನ್ನೇ ನೋಡುತ್ತ ಒಂದಕ್ಷರವೂ ಜಾರದಂತೆ ಕೇಳುತ್ತಿದ್ದ.

ಕ್ಯಾಲಮಜೂ ಹತ್ತಿರ ಅವಳ ದನಿ ತಗ್ಗಿತು. ಅವನು ಹೀಟರ್ ಆರಿಸಿದ. ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ಕಾರು ಬದಿಗೆ ನಿಲ್ಲಿಸಿ ಎಂಜಿನನ್ನೂ ಆರಿಸಿದ. ಅವಳತ್ತ ಬಾಗಿದ.

"ಆಮೇಲೆ? ಹೇಳು ಪುಟ್ಟಿ."

ಅವಳ ತುಟಿಗಳು ಆಡುತ್ತಲೇ ಇದ್ದವು.