ಕಪ್ಪು ಬಿಳುಪಿಗೆ ಹಾಕಬಾರದ ಟಿಕ್

"ನನ್ನ ಹಳದಿ ಎಲ್ಲಿ ಹೋಯ್ತು?"

ಸ್ಟುಡಿಯೋದ ಗಾಜಿನ ಬಾಗಿಲು ತಳ್ಳಿಕೊಂಡು ಬಂದವನ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಪರಿಚಯವಿಲ್ಲ. ಕೈಯಲ್ಲಿ ಒಂದಿಷ್ಟು ಫೋಟೋ, ಮುಖದ ತುಂಬ ಸಿಟ್ಟು.

ಸ್ಕ್ಯಾನರ್ ಮುಂದೆ ಕೂತಿದ್ದ ಸೂಜಿ ತಲೆಯೆತ್ತಿದಳು. ಅವಳಿಗೆ ಆ ಅಡ್ಡಹೆಸರಿಟ್ಟವನು ಸ್ಟುಡಿಯೋ ನಡೆಸುತ್ತಿದ್ದ ಸೋದರಮಾವ. ಕಣ್ಣೂ ಚೂಪು, ನಾಲಿಗೆಯೂ ಚೂಪು ಎಂದು. ಹಳೆಯ ಫಿಲಂ ಸುರುಳಿಗಳನ್ನು ಒರೆಸಿ, ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಲ್ಲಿ ತಿದ್ದಿಕೊಡುವುದು ಅವಳ ಕೆಲಸ.

"ಯಾವ ಹಳದಿ?"

"ಇದರಲ್ಲಿದ್ದ ಹಳದಿ! ನಮ್ಮ ನಾಟಕದ್ದು ಇದು. ಸಂಜೆ ಬಿಸಿಲು ಬೀಳೋ ಮನೆ. ಆ ಬಿಸಿಲು ಬರಿಸೋಕೆ ನಾನು ಅರ್ಧ ದಿನ ಏಣಿ ಮೇಲೆ ನೇತಾಡಿದ್ದೀನಿ. ನೀವು ಆಸ್ಪತ್ರೆ ವಾರ್ಡ್ ಥರ ಬೆಳ್ಳಗೆ ಮಾಡಿಟ್ಟಿದ್ದೀರಲ್ಲ!"

"ಹಳೇ ಫಿಲಂ ಸ್ವಾಮಿ, ಬಣ್ಣ ಕೆಟ್ಟಿರುತ್ತೆ. ಅದನ್ನ ಸಾಫ್ಟ್‌ವೇರ್ ಸರಿ ಮಾಡಿದೆ. ಖುಷಿಪಡೋದು ಬಿಟ್ಟು ಕೂಗಾಡ್ತೀರಲ್ಲ!"

"ತಾನಾಗಿ ಕೆಟ್ಟಿದ್ದು ಯಾವುದು, ನಾನು ಬೇಕಂತ ಹಾಕಿದ್ದು ಯಾವುದು... ಅಷ್ಟೂ ಗೊತ್ತಾಗಲ್ವಾ ನಿಮ್ಮ ಸಾಫ್ಟ್‌ವೇರ್‌ಗೆ?"

ಸೂಜಿ ಚುರುಕಾದ ಉತ್ತರವೊಂದನ್ನು ನಾಲಿಗೆ ತುದಿಗೆ ತಂದುಕೊಂಡಳು. ಮತ್ತೆ ನುಂಗಿಕೊಂಡಳು. ಅವನು ಹೇಳುತ್ತಿದ್ದುದು ನಿಜವಾಗಿತ್ತು!

"ಗೊತ್ತಾಗಲ್ಲ," ಎಂದಳು ಮೆಲ್ಲಗೆ. "ಅದಕ್ಕೆ ಗೊತ್ತಾಗಲ್ಲ. ನನಗೆ ಗೊತ್ತಾಗಬೇಕಿತ್ತು. ಕೂತ್ಕೊಳ್ಳಿ, ನಿಮ್ಮೆದುರಿಗೇ ಇನ್ನೊಂದ್ಸಲ ಮಾಡ್ತೀನಿ."

ಜಗಳಕ್ಕೆ ಸಿದ್ಧನಾಗಿ ಬಂದವನು ತಣ್ಣಗಾದ. ಸ್ಟೂಲ್ ಎಳೆದುಕೊಂಡು ಕೂತ.

ಅವಳು ಪರದೆಯ ಮೇಲಿನ ಒಂದೊಂದೇ ಟಿಕ್ ತೆಗೆದು, ಹಾಕಿ ತೋರಿಸಿದಳು. ಇದು ಧೂಳು, ಗೀರು ತೆಗೆಯುವುದು. ಇದು ಮಾಸಿದ ಬಣ್ಣ ಮರಳಿಸುವುದು. ಇದು ಹಿಂದಿನಿಂದ ಬೆಳಕು ಬಿದ್ದು ಕಪ್ಪಾದ ಮುಖವನ್ನು ಬೆಳಗಿಸುವುದು. ಬಣ್ಣದ ಟಿಕ್ ತೆಗೆದದ್ದೇ ತಡ, ಪರದೆಯ ತುಂಬ ಸಂಜೆ ಬಿಸಿಲು ಹರಿಯಿತು.

"ಇದೇ! ಇದೇ!" ಎಂದು ಅವನು ಮಗುವಿನಂತೆ ನಕ್ಕ.

ಆ ನಗು ನೋಡಿ ಸೂಜಿಯ ಎದೆಯಲ್ಲಿ ಏನೋ ಸಣ್ಣಗೆ ಜಾರಿತು... ಅಯ್ಯೋ, ಇದೇನಿದು!

ಅವನೊಂದು ನಾಟಕ ತಂಡದ ದೀಪದ ಕೆಲಸದವನು. ತಂಡದವರೆಲ್ಲ ಅವನನ್ನು ಕರೆಯುವುದು ಲೈಟಣ್ಣ ಎಂದು. ಮಾವನೂ ಮರುದಿನದಿಂದಲೇ ಹಾಗೆ ಕರೆಯತೊಡಗಿದ. ಸೂಜಿಗೆ ಮಾತ್ರ ಆ ಹೆಸರಿನ ಕೊನೆಯ ತುಂಡು ಬಾಯಿಗೆ ಬರಲಿಲ್ಲ. 'ಯಾರನ್ನ ಬೇಕಾದ್ರೂ ಅಣ್ಣ ಅಂದೇನು... ಇವನನ್ನ ಬೇಡಪ್ಪ!'

ತಂಡದ ಹಳೆಯ ಫೋಟೋಗಳ ಪ್ರದರ್ಶನಕ್ಕಾಗಿ ಅವನು ಸುರುಳಿಗಳನ್ನು ತರುತ್ತಿದ್ದ. ಒಂದು ಸಲಕ್ಕೆ ಒಂದೇ ಸುರುಳಿ. ಅದು ಮುಗಿದ ಮೇಲೆ ಇನ್ನೊಂದು. ಸ್ಟೂಲ್ ಮೇಲೆ ಕೂತು ಚಹಾ ಕುಡಿಯುತ್ತ, ಪರದೆಯ ಮೇಲೆ ಚಿತ್ರ ಮೂಡುವುದನ್ನು ನೋಡುತ್ತ, ಯಾವ ದೃಶ್ಯಕ್ಕೆ ಯಾವ ದೀಪ ಎಂದು ಹೇಳುತ್ತಿದ್ದ. ಅವಳು ಕೆಣಕುತ್ತಿದ್ದಳು. ಅವನು ನಗುತ್ತಿದ್ದ.

ಎಲ್ಲ ಚೆನ್ನಾಗಿಯೇ ಇತ್ತು. ಒಂದು ಮುಖ ಬಿಟ್ಟರೆ!

ಪ್ರತಿ ಸುರುಳಿಯಲ್ಲೂ ಅದೇ ನಟಿ. ದೊಡ್ಡ ಕಣ್ಣು, ನೀಳ ಕತ್ತು. ರಾಣಿಯಾಗಿ, ಕಳ್ಳಿಯಾಗಿ, ಹುಚ್ಚಿಯಾಗಿ. ಏನು ವೇಷ ಹಾಕಿದರೂ ಕಣ್ಣು ಕೀಳಲಾಗದಷ್ಟು ಚೆಲುವೆ.

"ಇವರು ಯಾರು?" ಎಂದು ಒಮ್ಮೆ ಕೇಳಿದಳು, ದನಿಯಲ್ಲಿ ಏನೂ ತೋರಗೊಡದೆ.

"ನಮ್ಮ ತಂಡದ ಮುಖ್ಯ ನಟಿ," ಎಂದ. ಅಷ್ಟೇ. ಬೇರೆಲ್ಲದಕ್ಕೂ ಅರ್ಧ ಗಂಟೆ ಮಾತಾಡುವವನು ಇದಕ್ಕೆ ನಾಲ್ಕೇ ಪದ!

ಅದೊಂದು ಮಧ್ಯಾಹ್ನ ಅವನು ಬರುವುದು ತಡವಾಗಿತ್ತು. ಸೂಜಿ ಒಬ್ಬಳೇ ಒಂದು ಫೋಟೋ ತಿದ್ದುತ್ತಿದ್ದಳು. ವೇದಿಕೆಯ ನಡುವೆ ಆ ನಟಿ, ಹಿಂದಿನಿಂದ ಕಣ್ಣು ಕೋರೈಸುವ ಬೆಳಕು. ವೇದಿಕೆಯ ಪಕ್ಕದ ಬಟ್ಟೆ ಪರದೆಯ ಮರೆ ಬರೀ ಕಗ್ಗತ್ತಲು. ಹಿಂಬೆಳಕು ಸರಿಪಡಿಸುವ ಟಿಕ್ ಹಾಕಿದಳು.

ಕತ್ತಲು ತಿಳಿಯಾಯಿತು. ಪರದೆಯ ಮರೆಯಲ್ಲಿ ಯಾರೋ ನಿಂತಿದ್ದರು...

ಅವನೇ! ಇನ್ನೂ ಚಿಕ್ಕ ವಯಸ್ಸಿನ ಅವನು. ಕೈಯಲ್ಲಿ ಸುತ್ತಿದ ವೈರು. ಕಣ್ಣು ಮಾತ್ರ ನಟಿಯ ಮೇಲೆ. ಜಗತ್ತಿನಲ್ಲಿ ಬೇರೇನೂ ಇಲ್ಲ ಎನ್ನುವಂತೆ ನೋಡುತ್ತಿದ್ದ.

ಸೂಜಿ ಮೌಸನ್ನು ಅತ್ತ ತಳ್ಳಿದಳು.

'ಓಹೋ... ಇದಾ ಸಮಾಚಾರ! ಒಂದೊಂದೇ ಸುರುಳಿ ತರೋದು ಇದಕ್ಕೇನಾ? ಇವಳ ಫೋಟೋಗಳನ್ನ ಒಟ್ಟಿಗೆ ಬಿಟ್ಟುಕೊಡೋಕೆ ಮನಸ್ಸಿಲ್ಲ! ನಾನೊಬ್ಬಳು ಪೆದ್ದಿ, ಚಹಾಕ್ಕೆ ಸಕ್ಕರೆ ಎಷ್ಟು ಅಂತ ಕೇಳ್ಕೊಂಡು...'

ಆ ದಿನದಿಂದ ಅವಳ ಮಾತು ಕಡಿಮೆಯಾಯಿತು. "ಹುಷಾರಿಲ್ವಾ?" ಎಂದು ಅವನು ಕೇಳಿದ. "ಕೆಲಸ ಇದೆ," ಎಂದಳು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ತನ್ನ ಕತ್ತು ಎಷ್ಟು ಉದ್ದ ಎಂದು ನೋಡಿಕೊಂಡಳು. ತನಗೇ ನಾಚಿಕೆಯಾಯಿತು. ಆದರೂ ಇನ್ನೊಮ್ಮೆ ನೋಡಿಕೊಂಡಳು.

ಪ್ರದರ್ಶನ ಹತ್ತಿರ ಬಂದಾಗ ಅವನೊಂದು ಕಪ್ಪು ಬಿಳುಪು ಸುರುಳಿ ತಂದ.

"ಇದರಲ್ಲೊಂದು ನಮ್ಮ ನಟಿಯ ಮುಖದ ಫೋಟೋ ಇದೆ. ಆಳೆತ್ತರಕ್ಕೆ ಮುದ್ರಿಸಿ ಬಾಗಿಲಲ್ಲೇ ಹಾಕ್ತೀವಿ. ಅವಳು ತಂಡ ಬಿಟ್ಟು ಹೋಗ್ತಿದ್ದಾಳೆ. ಇದೇ ಕೊನೇ ನಾಟಕ."

ಧೂಳಿನ ಟಿಕ್ ಅನ್ನು ಕಪ್ಪು ಬಿಳುಪು ಫಿಲಂಗೆ ಹಾಕಲೇಬಾರದು. ಸ್ಕ್ಯಾನರ್ ಕಣ್ಣಿಗೆ ಕಾಣದ ಬೆಳಕೊಂದನ್ನು ಹಾಯಿಸಿ, ಅದಕ್ಕೆ ಎಲ್ಲಿ ತಡೆಯಾಗುತ್ತದೋ ಅಲ್ಲಿ ಧೂಳಿದೆ ಎಂದು ತಿಳಿಯುತ್ತದೆ. ಬಣ್ಣದ ಫಿಲಂನಲ್ಲಿ ಆ ಲೆಕ್ಕ ಸರಿ. ಕಪ್ಪು ಬಿಳುಪಿನಲ್ಲಿ ಚಿತ್ರವೇ ಬೆಳ್ಳಿಯ ಕಣ. ಎಲ್ಲಿ ಬೆಳಕು ಹೆಚ್ಚು ಬಿದ್ದಿದೆಯೋ ಅಲ್ಲೇ ಬೆಳ್ಳಿ ದಟ್ಟ. ಅಂದರೆ ಬೆಳಗುವ ಮುಖವನ್ನೇ ಅದು ಕೊಳೆ ಎಂದುಕೊಂಡು ಅಳಿಸಿಬಿಡುತ್ತದೆ. ಕೆಲಸಕ್ಕೆ ಸೇರಿದ ದಿನ ಮಾವ ಹೇಳಿಕೊಟ್ಟ ಮೊದಲ ಪಾಠವೇ ಅದು.

ಸೂಜಿ ಆ ಟಿಕ್ ಹಾಕಿದಳು.

ಸುಮ್ಮನೆ ನೋಡೋಣ ಎಂದು. ಅಷ್ಟೇ... ಕೆನ್ನೆ ಕಲಸಿಹೋಯಿತು. ಹಣೆ ಹುಳು ತಿಂದಂತಾಯಿತು. ಆ ದೊಡ್ಡ ಕಣ್ಣಿನ ಅಂಚು ಒಡೆಯಿತು. ಅವಳಿಗೆ ಹಾಯೆನಿಸಿತು. ಕೂಡಲೇ ಕೈ ಮೌಸ್‌ಗೆ ಹೋಯಿತು. 'ಛೀ! ತೆಗೀಬೇಕು. ಈಗಲೇ ತೆಗೀತೀನಿ.'

ಅಷ್ಟರಲ್ಲಿ ಅವನು ಒಳಗೆ ಬಂದ. ಅವಳು ಚಟ್ಟನೆ ಪರದೆ ಮರೆಮಾಡಿದಳು.

"ಆಯ್ತಾ? ಪ್ರೆಸ್‌ನವನು ಕಾಯ್ತಿದ್ದಾನೆ."

"ಇನ್ನೂ ಸ್ವಲ್ಪ... ಅಷ್ಟೊಂದು ಚೆನ್ನಾಗಿರ್ತಾರಾ ಇವರು? ಎದುರಿಗೆ ನೋಡಿದ್ರೂ?"

ಅವನು ಕಿಟಕಿಯಾಚೆ ನೋಡಿದ. "ಅವಳ ಮುಖದ ಮೇಲೆ ದೀಪ ಬಿದ್ರೆ ನಾನು ಉಸಿರಾಡೋದೇ ಮರೀತಿದ್ದೆ."

ಸೂಜಿ ಕೆಡಿಸಿದ ಚಿತ್ರದತ್ತ ತಿರುಗಿದಳು. ಆ ಫೈಲನ್ನೇ ಪೆನ್‌ಡ್ರೈವ್‌ಗೆ ಹಾಕಿ ಅವನ ಕೈಗಿಟ್ಟಳು.

"ಒಂದ್ಸಲ ನೋಡಲ್ವಾ?" ಎಂದಳು.

"ನೀವು ನೋಡಿದ್ದೀರಲ್ಲ. ಸಾಕು."

ಅವನು ಹೋದ. ಆ 'ಸಾಕು' ಮಾತ್ರ ಅಲ್ಲೇ ಉಳಿಯಿತು. ರಾತ್ರಿ ತುತ್ತು ಇಳಿಯಲಿಲ್ಲ.

ಬೆಳಗ್ಗೆ ಮಾವ ಕಂಪ್ಯೂಟರ್ ಮುಂದೆ ನಿಂತಿದ್ದ. "ಏನೇ ಇದು? ಕಪ್ಪು ಬಿಳುಪಿಗೆ ಯಾರಾದ್ರೂ ಇದನ್ನ ಹಾಕ್ತಾರೇನೇ? ನಿನ್ನೆ ಸೇರಿದವರೂ ಮಾಡಲ್ಲ ಇಂಥ ಕೆಲಸ!"

"ಕೈ ತಪ್ಪಿ ಆಗಿದ್ದಲ್ಲ ಮಾವ," ಎಂದಳು. ಕಣ್ಣು ತುಂಬಿತ್ತು.

ಮಾವ ಅವಳ ಮುಖ ನೋಡಿದ. ಎಷ್ಟು ಅರ್ಥವಾಯಿತೋ! "ಸುರುಳಿ ನಮ್ಮ ಹತ್ರಾನೇ ಇದೆ. ಫಿಲಂಗೆ ಏನೂ ಆಗಿಲ್ಲ," ಎಂದಷ್ಟೇ ಹೇಳಿ ಕುರ್ಚಿ ಬಿಟ್ಟುಕೊಟ್ಟ.

ಅವಳು ಫಿಲಂ ಮೇಲಿನ ಧೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆದಳು. ಟಿಕ್ ಒಂದನ್ನೂ ಹಾಕದೆ ಸ್ಕ್ಯಾನ್ ಮಾಡಿದಳು. ಉಳಿದ ಗೀರುಗಳನ್ನು ಒಂದೊಂದಾಗಿ ಕೈಯಿಂದಲೇ ಮುಚ್ಚಿದಳು. ತಾನು ದ್ವೇಷಿಸಿದ ಮುಖವನ್ನು ಇಷ್ಟು ಹತ್ತಿರದಿಂದ ಅವಳು ನೋಡಿರಲೇ ಇಲ್ಲ. ಕಣ್ಣಿನ ಕೆಳಗೆ ಆಯಾಸದ ಗೆರೆಗಳಿದ್ದವು, ತುಟಿಯ ಅಂಚಿನಲ್ಲಿ ಒಡಕು. ಅವಳೂ ದುಡಿಯುವ ಹೆಂಗಸು! ಪ್ರೆಸ್‌ಗೆ ತಾನೇ ಓಡಿದಳು, ಹೊಸ ಮುದ್ರಣ ಹಾಕಿಸಿದಳು, ಬಗಲಿಗೆ ಅವುಚಿಕೊಂಡು ರಂಗಮಂದಿರಕ್ಕೆ ಬಂದಳು.

ತಡವಾಗಿತ್ತು. ಬಾಗಿಲಲ್ಲೇ ಆಳೆತ್ತರದ ಆ ಕೆಟ್ಟ ಮುಖ ನೇತಾಡುತ್ತಿತ್ತು. ಅದರ ಮುಂದೆ ನಟಿಯೇ ನಿಂತಿದ್ದಳು. ಪಕ್ಕದ ಏಣಿಯ ಮೇಲೆ ಅವನು, ಬಿಳುಚಿಕೊಂಡು.

"ಮಷೀನ್ ಕೆಟ್ಟಿರಬೇಕು," ಎನ್ನುತ್ತಿದ್ದ. "ಆ ಹುಡುಗಿ ಇಂಥ ತಪ್ಪು ಮಾಡೋಳೇ ಅಲ್ಲ."

"ಮಷೀನ್ ಸರಿಯಾಗಿದೆ," ಎಂದಳು ಸೂಜಿ. ಇಬ್ಬರೂ ತಿರುಗಿದರು. "ನಾನೇ ಮಾಡಿದ್ದು. ಬೇಕಂತಲೇ."

"ಬೇಕಂತ...? ಯಾಕೆ?"

ಅವಳು ಅವನ ಕಣ್ಣು ತಪ್ಪಿಸಿದಳು. ಹೊಸ ಮುದ್ರಣವನ್ನು ಗೋಡೆಗೆ ಒರಗಿಸಿಟ್ಟಳು. ಅವನು ಏಣಿಯಿಂದ ಇಳಿದ. ಅವಳತ್ತ ಒಮ್ಮೆ ನೋಡಿದ, ಮಾತಿಲ್ಲದೆ ಒಳಗೆ ಹೋಗಿಬಿಟ್ಟ.

ಅದಕ್ಕಿಂತ ಎರಡು ಬೈದಿದ್ದರೆ ವಾಸಿಯಿತ್ತು!

"ತಪ್ಪಾಯ್ತು ಅಕ್ಕ," ಎಂದಳು ನಟಿಗೆ. "ನಿಮ್ಮ ಕೊನೇ ನಾಟಕದ ದಿನ..."

ನಟಿ ಎರಡೂ ಮುಖಗಳನ್ನು ನೋಡಿದಳು. ಆಮೇಲೆ ಸೂಜಿಯ ಮುಖವನ್ನು. ಹೊಟ್ಟೆ ಹಿಡಿದುಕೊಂಡು ನಕ್ಕಳು!

"ಎಷ್ಟು ಹೊಟ್ಟೆಕಿಚ್ಚು ಇರಬೇಕಮ್ಮ ನಿಂಗೆ! ನನ್ನ ಗಂಡನಿಗೂ ಇಷ್ಟಿಲ್ಲ. ಆ ಮನುಷ್ಯನಿಗೆ ತಬಲಾ ಬಿಟ್ರೆ ಏನೂ ಕಾಣಲ್ಲ."

"ಗಂಡ...?"

"ಹೂಂ. ನನಗೆ ಮದುವೆಯಾಗಿ, ಮಗಳು ಸ್ಕೂಲಿಗೆ ಹೋಗ್ತಿದ್ದಾಳೆ." ನಟಿಯ ನಗು ಇಳಿಯಿತು. "ನೋಡು, ಸುಳ್ಳು ಹೇಳಲ್ಲ. ನಮ್ಮ ಲೈಟಣ್ಣನಿಗೆ ನನ್ನ ಮೇಲೆ ಮನಸ್ಸಿತ್ತು. ನನಗಿರಲಿಲ್ಲ. ಹೇಳಿದೆ. ತುಂಬ ದಿನ ಸಪ್ಪಗಿದ್ದ. ಈಗ ಕೆಲವು ತಿಂಗಳಿಂದ ತಾಲೀಮಿನಲ್ಲಿ ಬರೀ ಸ್ಕ್ಯಾನರ್ ಹುಡುಗಿ ಹೀಗಂದ್ಲು, ಹಾಗಂದ್ಲು... ಕೇಳಿ ಕೇಳಿ ನಮ್ಮ ತಲೆ ಚಿಟ್ಟು ಹಿಡಿದಿದೆ. ನೀನೇನಾ ಅದು?"

ಸೂಜಿ ಅಲ್ಲಿಂದ ಓಡಿಬಂದುಬಿಟ್ಟಳು. ಈಗ ಗೊತ್ತಾಗಿ ಏನು ಬಂತು! ತಾನೇ ಕೈಯಾರೆ ಹಾಳುಮಾಡಿಕೊಂಡಾಗಿತ್ತು...

ಮರುದಿನ ಮಧ್ಯಾಹ್ನ ಬಾಗಿಲು ತೆರೆಯಿತು. ಅವನು ದೊಡ್ಡದೊಂದು ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲೆ ಇಟ್ಟ. ಒಳಗೆ ತುಂಬ ಫಿಲಂ ಸುರುಳಿಗಳು.

"ಉಳಿದವೆಲ್ಲ ಇದರಲ್ಲಿವೆ. ಒಟ್ಟಿಗೇ ಮಾಡಿಬಿಡಿ."

ಒಟ್ಟಿಗೆ! ಅಂದರೆ ಇನ್ನು ಬರುವುದಿಲ್ಲ. ಅವಳು ತುಟಿ ಕಚ್ಚಿಕೊಂಡಳು. "ಸರಿ. ಆದಾಗ ಮಾವನ ಕೈಲಿ ಫೋನ್ ಮಾಡಿಸ್ತೀನಿ."

ಮಾವ ಕೆಮ್ಮಿದ. ಚಹಾ ತರುತ್ತೇನೆ ಎಂದು ಎದ್ದುಹೋದ. ಮೇಜಿನ ಮೇಲೆ ಹಬೆಯಾಡುವ ಚಹಾ ಆಗಲೇ ಇತ್ತು.

"ಮೊದಲ ದಿನದಿಂದಲೂ ಈ ಪೆಟ್ಟಿಗೆ ನನ್ನ ಹತ್ರಾನೇ ಇತ್ತು," ಎಂದ ಅವನು. "ಒಂದೇ ದಿನ ತಂದುಕೊಡಬಹುದಿತ್ತು. ಯಾಕೆ ಒಂದೊಂದೇ ತಂದೆ, ಗೊತ್ತಾ?"

"ಫೋಟೋದಲ್ಲಿ ಅವರನ್ನ ನೋಡೋಕೆ ಅಂದ್ಕೊಂಡಿದ್ದೆ..."

"ನಿಮ್ಮನ್ನ ನೋಡೋಕೆ!" ಅವನ ದನಿ ಏರಿತು. "ಬೇರೆ ನೆಪ ನನಗೆ ಗೊತ್ತಾಗಲಿಲ್ಲ. ಏಣಿ ಮೇಲೆ ಬೆಳೆದೋನು ನಾನು, ಮಾತಾಡೋಕೆ ಬರಲ್ಲ. ಅವಳನ್ನ ಪ್ರೀತಿಸಿದ್ದೆ, ಅದನ್ನ ಅಳಿಸೋಕಾಗಲ್ಲ. ಆ ದಿನ ನಾನು 'ಮರೀತಿದ್ದೆ' ಅಂದೆ. 'ಮರೀತೀನಿ' ಅನ್ನಲಿಲ್ಲ. ಕೇಳಿಸ್ಕೊಳ್ಳಲಿಲ್ವಾ ನೀವು?"

ಸೂಜಿಯ ಕೆನ್ನೆಯ ಮೇಲೆ ನೀರು ಇಳಿಯಿತು. "ಹೊಟ್ಟೆಕಿಚ್ಚಿಗೆ ಕಿವಿ ಎಲ್ಲಿರುತ್ತೆ? ನೀವು ನನ್ನನ್ನ ನಂಬಿ ನೋಡದೇನೇ ತಗೊಂಡು ಹೋದ್ರಿ. ನಾನು..."

"ಸಿಟ್ಟು ಬಂತು. ರಾತ್ರಿಯೆಲ್ಲ ಇತ್ತು," ಎಂದ. "ಆದ್ರೆ ನೀವು ಹೊಸದು ಮಾಡಿಸಿ, ಹೊತ್ಕೊಂಡು ಬಂದು, ಅವಳೆದುರಿಗೇ ನಾನೇ ಮಾಡಿದ್ದು ಅಂದ್ರಿ. ಮಷೀನ್ ಮೇಲೆ ಹಾಕಬಹುದಿತ್ತು. ಹಾಕಲಿಲ್ಲ."

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು.

"ನನಗೆ ಮತ್ತೆ ಹೊಟ್ಟೆಕಿಚ್ಚು ಬರುತ್ತೆ," ಎಂದಳು ಮೂಗೊರೆಸಿಕೊಳ್ಳುತ್ತ. "ಮುಂಚೇನೇ ಹೇಳ್ತಿದ್ದೀನಿ. ಹೋಗೋ ಗುಣ ಅಲ್ಲ ಅದು."

"ಬರಲಿ. ಬಂದಾಗ ನನಗೆ ಹೇಳಿ. ಕೂತು ಜಗಳ ಆಡೋಣ. ಫಿಲಂ ತಂಟೆಗೆ ಹೋಗೋದು ಬೇಡ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅವನು ಮೇಜಿನ ಮೇಲಿದ್ದ ಅವಳ ಕೈಯನ್ನು ಹಿಡಿದುಕೊಂಡ. ವೈರು ಎಳೆದು ಒರಟಾದ ಕೈ. ಬೆಚ್ಚಗಿತ್ತು.

"ಇನ್ನೊಂದು ಮಾತು," ಎಂದ ಸಂಕೋಚದಿಂದ. "ಈ ನೀವು, ತಾವು... ಇನ್ನೂ ಎಷ್ಟು ದಿನ?"

ಸೂಜಿ ತಲೆ ತಗ್ಗಿಸಿದಳು. ಅಷ್ಟು ಚೂಪು ನಾಲಿಗೆಯವಳಿಗೆ ಒಂದು ಸಣ್ಣ ಪದ ಹೊರಡಿಸಲು ಎಷ್ಟು ಹೊತ್ತು ಬೇಕಾಯಿತು!

"ಊಟ ಮಾಡಿದ್ಯಾ... ನೀನು?"

"ಇಲ್ಲ ಕಣೇ," ಎಂದ ಅವನು. "ನಿನ್ನೆಯಿಂದ ಇಲ್ಲ."

"ನಾನೂ ಇಲ್ಲ. ಏಳು, ಹೋಗೋಣ."