ಕೇಳದೇ ಹೇಳಿದ 'ಇಲ್ಲ'

"ನಿಮ್ಮ ಪ್ರಾಕ್ಸಿ ಸುಳ್ಳು ಹೇಳ್ತಿದೆ, ಮೇಡಂ!"

ಷೀಬಾ ತಲೆ ಎತ್ತಿದಳು. ಎದುರು ನಿಂತವನ ಕೊರಳ ಗುರುತಿನ ಚೀಟಿ ಓದಿದಳು.

ಜಿಜೋ ಕುರಿಯನ್... 'ಹುಡುಗ ಬೇಡ ಅಂದ' ಎಂದು ಮದುವೆ ದಲ್ಲಾಳಿ ವರ್ಕಿಚ್ಚನ್ ಹೋದ ತಿಂಗಳು ಅಮ್ಮನಿಗೆ ಹೇಳಿದ್ದು ಇವನ ಬಗ್ಗೆಯೇ!

"ಸುಳ್ಳು ಹೇಳೋರು ಯಾರು ಅಂತ ನೋಡೇಬಿಡೋಣ, ಕೂತ್ಕೊಳ್ಳಿ," ಎಂದಳು ಬಿರುಸಾಗಿ.

ಜಿಜೋ ಕೋಟ್ಟಯಂನ ಕಾಲೇಜೊಂದರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು. ಅಲ್ಲಿನ ಮೇಷ್ಟ್ರುಗಳು ಇಂಟರ್ನೆಟ್‌ಗಾಗಿ ಮನೆಯಿಂದ ಫೋನ್ ಲೈನ್ ಮೂಲಕ ಷೀಬಾಳ ಕಂಪನಿಯ ಸರ್ವರ್ ಬಾಗಿಲು ತಟ್ಟುತ್ತಿದ್ದರು. ಆ ಬಾಗಿಲಿಗೆ ಅವರ ಗುರುತಿಲ್ಲ. ನಡುವಿನ ಪ್ರಾಕ್ಸಿ ಎಂಬ ಪ್ರೋಗ್ರಾಮು 'ಇವರು ನಿಮ್ಮವರೇ?' ಎಂದು ಕಾಲೇಜಿನ ಸರ್ವರನ್ನು ಕೇಳಿ, ಅದು ಕೊಟ್ಟ ಉತ್ತರವನ್ನು ತಂದು ಹೇಳಬೇಕು. ಬೆಳಗಿನಿಂದ ಎಲ್ಲರಿಗೂ ಒಂದೇ ಉತ್ತರ: ನಿರಾಕರಿಸಲಾಗಿದೆ.

ಜಿಜೋ ಪರದೆಯ ಮೇಲಿನ ಪ್ರಾಕ್ಸಿ ದಾಖಲೆಯ ಸಾಲುಗಳ ಗುಂಟ ಬೆರಳಾಡಿಸುತ್ತ ಹೋದ. ಒಂದನ್ನೂ ಬಿಡಲಿಲ್ಲ. ಪಕ್ಕದಲ್ಲಿಟ್ಟ ಚಾಯ ಆರಿಹೋಯಿತು.

'ಎಷ್ಟು ತಾಳ್ಮೆ ಇವನಿಗೆ...' ಸಿಟ್ಟಿನ ನಡುವೆಯೂ ಅವಳ ಮನಸ್ಸು ಮೆಚ್ಚಿತು.

"ಇಲ್ಲಿ ನೋಡಿ. ನಮ್ಮ ಕಾಲೇಜಿನ ಲೈನ್ ಕೆಟ್ಟಿತ್ತು, ಪ್ರಶ್ನೆ ನಮ್ಮ ಸರ್ವರ್‌ಗೆ ತಲುಪೇ ಇಲ್ಲ. ಉತ್ತರ ಬರಲಿಲ್ಲ ಅಂತ ನಿಮ್ಮ ಪ್ರಾಕ್ಸಿ ತಾನೇ 'ಇಲ್ಲ' ಅಂದುಬಿಟ್ಟಿದೆ. ಸುಮ್ಮನಿರಬೇಕಿತ್ತು ಅಷ್ಟೇ, ಬಾಗಿಲು ಮತ್ತೆ ಕೇಳ್ತಿತ್ತು. ಮೌನ ಅಂದ್ರೆ ಇಲ್ಲ ಅಂತ ಅಲ್ಲವಲ್ಲ!"

"ತಪ್ಪು ನನ್ನದೇ. ಅದನ್ನ ಹಾಗೆ ಬರೆದವಳು ನಾನು," ಎಂದಳು ಮೆಲ್ಲಗೆ.

"ನೋಡಿದ ತಕ್ಷಣ ಒಪ್ಕೊಂಡ್ರಲ್ಲ, ಅದೇ ದೊಡ್ಡದು." ಅವನು ಪರದೆಯಿಂದ ಅವಳತ್ತ ತಿರುಗಿದ. "ಆದ್ರೆ... ನನ್ನನ್ನ ಯಾಕೆ ಬೇಡ ಅಂದ್ರಿ, ಷೀಬಾ?"

"ನಾನಾ?! ಬೇಡ ಅಂದಿದ್ದು ನೀವು!"

"ಫೋಟೋ ನೋಡಿದ ದಿನವೇ ಒಪ್ಪಿದ್ದೆ! ನಿಮ್ಮ ಮನೆಯಿಂದ 'ಇಲ್ಲ' ಬಂತು ಅಂದ್ರು ವರ್ಕಿಚ್ಚನ್."

"ನಮ್ಮನ್ನ ಕೇಳಿದ್ದು ಯಾರು? ಆಗ ನಮ್ಮನೆ ಫೋನೇ ಸತ್ತಿತ್ತು..."

ಇಬ್ಬರ ಕಣ್ಣುಗಳೂ ಒಟ್ಟಿಗೇ ಪರದೆಯತ್ತ ಹೊರಳಿದವು.

"ಕರ್ತನೇ! ವರ್ಕಿಚ್ಚನ್ನೂ ಇದೇ ಜಾತಿ ಪ್ರಾಕ್ಸಿ! ನಮ್ಮಿಂದ ಉತ್ತರ ಬರಲಿಲ್ಲ ಅಂತ ನಿಮಗೆ 'ಇಲ್ಲ' ಅಂದು, ಅದನ್ನ ಮುಚ್ಚಿಡೋಕೆ ಅಮ್ಮನಿಗೆ 'ಹುಡುಗ ಬೇಡ ಅಂದ' ಅಂದಿದ್ದಾರೆ!" ಷೀಬಾ ಬಾಯಿಗೆ ಸೆರಗು ಒತ್ತಿ ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಒಂದು ತಿಂಗಳು ಒಳಗೊಳಗೇ ಅತ್ತದ್ದು, ಯಾರೂ ಹೇಳದ 'ಇಲ್ಲ'ಕ್ಕಾಗಿ...

"ಹಾಗಾದ್ರೆ ನಡುವೆ ಯಾರೂ ಬೇಡ. ನಾನೇ ಕೇಳ್ತೀನಿ. ನನ್ನನ್ನ ಮದುವೆ ಆಗ್ತೀರಾ?"

ಅವಳು ತಲೆ ತಗ್ಗಿಸಿದಳು. ಮಾತಿಲ್ಲ.

"ಷೀಬಾ... ಉತ್ತರ?"

"ಮೌನ ಅಂದ್ರೆ ಇಲ್ಲ ಅಂತ ಅಲ್ಲ, ನೀವೇ ಹೇಳಿದ್ದು." ಅವಳ ಕೆನ್ನೆ ಕೆಂಪಾಯಿತು. "ಮತ್ತೆ ಕೇಳಬೇಕು."

ಅವನು ಮತ್ತೆ ಕೇಳಿದ.

"ಹೂಂ..."