ಫೋಟೋದ ಹಿಂದಿನ ಎರಡಕ್ಷರ

"ಫೋಟೋದಲ್ಲಿ ನನ್ನ ಅಮ್ಮನೇ ಇಲ್ಲ," ಎಂದರು ರತ್ನಾವತಿ. ಹಾಕಲು ತಂದ ಮಲ್ಲಿಗೆ ಅವರ ಕೈಯಲ್ಲೇ ಇತ್ತು.

ಅದು ೧೯೮೩ರ ಜನವರಿ. ಕಟಪಾಡಿ ಸಮೀಪದ ನಮ್ಮ ಸಣ್ಣ ಶಾಲೆಗೆ ಐವತ್ತು ತುಂಬಿತ್ತು. ಮೈದಾನದಲ್ಲಿ ಗೋಣಿಚೀಲದ ಓಟ, ಒಳಗೆ ಊರಿನ ಇತಿಹಾಸದ ಪ್ರದರ್ಶನ, ಮಧ್ಯಾಹ್ನ ಎಲ್ಲರಿಗೂ ಊಟ. ಸ್ಮರಣ ಸಂಚಿಕೆಯ ಪ್ರೂಫ್ ತಿದ್ದಿದ ಹೆಮ್ಮೆಗೆ ನನ್ನ ಎದೆಯ ಮೇಲೂ ಒಂದು ಬ್ಯಾಡ್ಜ್ ಇತ್ತು.

ರತ್ನಾವತಿಯ ತಾಯಿ ಕುಶಲಾ ಟೀಚರು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅವರ ಮುಖ ಉಳಿದದ್ದು ಶಾಲೆಯ ಮೊದಲ ವರ್ಷದ ಆ ಒಂದೇ ಫೋಟೋದಲ್ಲಿ. ಸಮಿತಿಯ ಅಧ್ಯಕ್ಷ ಮೌರಿಸ್ ಕೇಳಿದರೆಂದು ರತ್ನಾವತಿ ಅದನ್ನು ಕೊಟ್ಟಿದ್ದರು. ಈಗ ಗೋಡೆಯ ಮೇಲೆ ಇದ್ದದ್ದು ಮೌರಿಸರ ತಂದೆ ರೊಸಾರಿಯೊ ಮಾಸ್ಟರು ಮತ್ತು ಹನ್ನೊಂದು ಮಕ್ಕಳು. ಕೆಳಗೆ 'ಸ್ಥಾಪಕರು' ಎಂದು ಬರೆದಿತ್ತು. ಆ ಮಕ್ಕಳಲ್ಲಿ ಮೌರಿಸೂ ಒಬ್ಬರು, ನಾನೂ ಒಬ್ಬ. ಹಿಂದಿನ ಸಂಜೆ ಅದನ್ನು ಮೊಳೆಗೆ ಹಾಕಿದ್ದು ನಾನೇ. ಏನೂ ಅನಿಸಿರಲಿಲ್ಲ.

ಗುಣಪಾಲರನ್ನು ಕರೆತಂದೆ. ಕಾರ್ಕಳದ ಕಡೆಯವರು, ನಮ್ಮೂರಲ್ಲೇ ಪೋಸ್ಟ್ ಮಾಸ್ಟರಾಗಿ ನಿವೃತ್ತರಾಗಿದ್ದರು. ಕಳೆದುಹೋದ ಕಾಗದದಿಂದ ಹಿಡಿದು ಎಮ್ಮೆಯ ತನಕ ಊರಿನ ಪತ್ತೇದಾರಿ ಅವರದೇ.

"ಫ್ರೇಮು ಹಾಕಿದ್ದು ಯಾರು?"

"ನಾನು. ನನಗೆ ಬಂದದ್ದೇ ಇಷ್ಟಗಲ ಮಾರಾಯ್ರೇ," ಎಂದ ಪಕ್ಕದ ಕಾಪು ಊರಿನಲ್ಲಿ ಫ್ರೇಮಿನ ಅಂಗಡಿ ಇಟ್ಟಿದ್ದ ಭುಜಂಗ. ಫ್ರೇಮಿನ ಹಿಂಬದಿ ಬಿಚ್ಚಿದ. ಕತ್ತರಿಸಿದ ಅಂಚಿನುದ್ದಕ್ಕೂ ಪೆನ್ಸಿಲ್ ಗೆರೆ ಇತ್ತು. ಪಕ್ಕದಲ್ಲಿ 'ಕಾಪ್' ಎಂಬ ಎರಡಕ್ಷರ.

ಮೌರಿಸ್ ತಟ್ಟನೆ ಅದನ್ನು ಕೈಗೆ ತೆಗೆದುಕೊಂಡರು. "ಕಾಪು ಅಂತ ಬರೆದೇ ಉಂಟಲ್ಲ. ಆದದ್ದು ಅಲ್ಲೇ."

ಜನ ಭುಜಂಗನ ಮೇಲೆ ತಿರುಗಿಬಿದ್ದರು. ಇನ್ನು ಅವನ ಅಂಗಡಿಯ ಮೆಟ್ಟಿಲು ಹತ್ತಬಾರದು ಎಂದು ಯಾರೋ ಕೂಗಿದರು. ಅವನು ತಲೆ ತಗ್ಗಿಸಿ ನಿಂತ.

ಗುಣಪಾಲರು ಫೋಟೋವನ್ನು ಕೇಳಿ ತೆಗೆದುಕೊಂಡು ನನ್ನತ್ತ ಹಿಡಿದರು. "ಸುಂದರ, ಮಾಸ್ಟರ ಕೈ ಎಲ್ಲಿ ಉಂಟು ನೋಡಿ."

"ಯಾವುದೋ ಕುರ್ಚಿಯ ಬೆನ್ನಿನ ಮೇಲೆ."

"ಆ ಕಾಲದ ಫೋಟೋದಲ್ಲಿ ಒಂದೇ ಕುರ್ಚಿ ಇದ್ದರೆ ಅದು ಯಾರಿಗೆ?"

ನಾನು ಫೋಟೋದ ಅಂಚನ್ನು ಮತ್ತೊಮ್ಮೆ ನೋಡಿದೆ.

ನೀರು ಕುಡಿಯಲು ಅಡುಗೆಮನೆಗೆ ಹೋದೆವು. ಮೌರಿಸರ ಹೆಂಡತಿ ಸೆಲೀನ್ ಬೆಳಗಿನಿಂದ ಅಲ್ಲೇ ಇದ್ದರು. ತಂಗಿಯ ಮುಂದೆ ಅನಾನಸು ಇಟ್ಟು, ಚೂರಿ ಕೊಟ್ಟು, "ಕಾಪ್," ಎಂದರು. ತಂಗಿ ಹೋಳು ಮಾಡತೊಡಗಿದಳು.

ಗುಣಪಾಲರು ಲೋಟ ಕೆಳಗಿಟ್ಟರು. "ಸೆಲೀನ್ ಬಾಯಿ, ನೀವು ಕುಶಲಾ ಟೀಚರನ್ನು ನೋಡಿದ್ದೀರಾ?"

"ಇಲ್ಲ. ನಾನು ಮದುವೆಯಾಗಿ ಬರುವಾಗ ಅವರು ಇರಲಿಲ್ಲ."

ಊಟದ ನಂತರ ಗುಣಪಾಲರು ನಮ್ಮನ್ನೆಲ್ಲ ಆ ಗೋಡೆಯ ಮುಂದೆ ಕೂರಿಸಿದರು. ಸೆಲೀನರನ್ನೂ ಕರೆಸಿದರು.

"ಮೂವತ್ತು ವರ್ಷ ವಿಳಾಸ ಓದಿದವ ನಾನು. ಆ ಊರಿನ ಹೆಸರನ್ನು ತುಳುವರು ಕೊಂಬು ಬಿಟ್ಟು ಬರೆಯುವುದಿಲ್ಲ. ಭುಜಂಗನ ಬೋರ್ಡಿನಲ್ಲೂ 'ಕಾಪು' ಎಂದೇ ಉಂಟು. ಇಲ್ಲಿ ಬರೆದದ್ದು ಊರಲ್ಲ. ಕೊಂಕಣಿಯಲ್ಲಿ 'ಕಾಪ್' ಅಂದರೆ ಕತ್ತರಿಸು. ಗೆರೆ ಎಳೆದದ್ದೂ ಅದಕ್ಕೇ. ಮೌರಿಸ್, ಅದು ನಿಮ್ಮ ಮನೆಮಾತು. ತಪ್ಪಿಲ್ಲದವರು ನೋಡಿದ ಕೂಡಲೇ 'ಕತ್ತರಿಸು ಅಂತ ಉಂಟಲ್ಲ' ಎನ್ನುತ್ತಿದ್ದರು. ನೀವು ಊರಿನ ಹೆಸರು ಹೇಳಿದಿರಿ. ಕುರ್ಚಿಯಲ್ಲಿ ಕುಳಿತವರು ಕಂಡರೆ ಶಾಲೆ ಕಟ್ಟಿದ ಮುಖ್ಯಸ್ಥರು ಯಾರೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು, ಅಲ್ವಾ? ಆದರೆ ತಾನೇ ಕತ್ತರಿಸುವವ ತನಗೇ ಬರೆದುಕೊಳ್ಳುವುದಿಲ್ಲ. ಕೊಂಕಣಿ ಬಲ್ಲ, ಟೀಚರ ಮುಖ ಅರಿಯದ ಒಬ್ಬರಿಗೆ ಬರೆದದ್ದು."

ಸೆಲೀನ್ ಎದ್ದರು. ಚೀಲದಿಂದ ಪ್ರಾರ್ಥನೆಯ ಪುಸ್ತಕ ತೆಗೆದು, ಅದರೊಳಗಿನ ಫೋಟೋದ ತುಂಡನ್ನು ರತ್ನಾವತಿಗೆ ಕೊಟ್ಟರು. "ಇವರು ಮೇಜಿನ ಮೇಲೆ ಇಟ್ಟು ಹೋಗಿದ್ದರು. ಬ್ಲೇಡಿನಿಂದ ತೆಗೆದೆ. ಯಾರೆಂದು ಗೊತ್ತಿರಲಿಲ್ಲ. ಮುಖ ಅಲ್ವಾ, ಬಿಸಾಡಲಿಕ್ಕೆ ಮನಸ್ಸಾಗಲಿಲ್ಲ."

"ಅಪ್ಪ ಒಂದು ದಿನವಾದರೂ ಮೊದಲಿನವರಾಗಲಿ ಅಂತ ಮಾಡಿದೆ," ಎಂದರು ಮೌರಿಸ್. "ನನ್ನ ಕೈಯಿಂದ ಕತ್ತರಿಸಲಿಕ್ಕೆ ಆಗಲಿಲ್ಲ. ಈ ಕೈಗೆ ಅಕ್ಷರ ಕಲಿಸಿದ್ದು ಟೀಚರೇ."

ಯಾರೂ ಬೈಯಲಿಲ್ಲ. ಭುಜಂಗ ಮಾತ್ರ ಮೆಲ್ಲನೆ ಫ್ರೇಮನ್ನು ಎತ್ತಿಕೊಂಡ. ರತ್ನಾವತಿ ಅಳುತ್ತಾರೆಂದು ಕಾದೆವು, ಅಳಲಿಲ್ಲ. ಅಂಗೈ ಮೇಲಿನ ತುಂಡಿನಲ್ಲಿ ಕುಶಲಾ ಟೀಚರು ಕುರ್ಚಿಯಲ್ಲಿ ಕುಳಿತಿದ್ದರು. ಮಡಿಲಲ್ಲಿ ಶಾಲೆಯ ಗಂಟೆ ಇತ್ತು. ಆ ಮುಖವನ್ನು ನಾನು ಮರೆತೇಬಿಟ್ಟಿದ್ದೆ.

"ಸಂಚಿಕೆಯಲ್ಲಿ ಅಮ್ಮನ ಬಗ್ಗೆ ಎಂತ ಉಂಟು?" ಎಂದು ಅವರು ನನ್ನನ್ನು ಕೇಳಿದರು.

ನಾನು ಬ್ಯಾಡ್ಜ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ. 'ಸ್ಥಾಪಕರು ರೊಸಾರಿಯೊ ಮಾಸ್ಟರು' ಎಂಬ ಸಾಲನ್ನು ಎರಡು ಸಲ ಓದಿದ್ದೆ. ಕಾಗುಣಿತ ಸರಿಯಾಗಿದೆ ಎಂದು ಬಿಟ್ಟಿದ್ದೆ.